ಸಹಿ ಹಾಕುವ ಮುನ್ನ ‘ಬೇಸಿಕ್’ ಎಷ್ಟು ನೋಡಿ

ಪ್ರಶ್ನೆ: ನಾನು ಖಾಸಗಿ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಬಿ.ಎಸ್ಸಿ., ಬಿ.ಎಡ್. ಆಗಿದೆ. ದುಬೈಯ ಸಿಬಿಎಸ್‌ಇ ಶಾಲೆಯೊಂದು ಆನ್‌ಲೈನ್‌ನಲ್ಲಿ ಇಂಟರ್‌ವ್ಯೂ ಮಾಡಿ ಆಫರ್ ಲೆಟರ್ ಕಳಿಸಿದೆ. ತಿಂಗಳಿಗೆ ಒಟ್ಟು 5,000 ದಿರ್ಹಂ, ಎರಡು ವರ್ಷದ ಕರಾರು, ಆರು ತಿಂಗಳು ಪ್ರೊಬೇಶನ್, ಮೂರು ತಿಂಗಳ ನೋಟಿಸು. ಅವಧಿಗೆ ಮುಂಚೆ ಬಿಟ್ಟರೆ ವೀಸಾ ಖರ್ಚು ನಾನೇ ಕಟ್ಟಿಕೊಡಬೇಕಂತೆ. ಬಿಟ್ಟ ಮೇಲೆ ಎರಡು ವರ್ಷ ದುಬೈಯ ಬೇರೆ ಶಾಲೆ ಸೇರುವಂತಿಲ್ಲವಂತೆ. ಪಾಸ್‌ಪೋರ್ಟ್ ಆಫೀಸಿನಲ್ಲೇ ಇಡಬೇಕಂತೆ. ಮಂಗಳೂರಿನ ಏಜೆಂಟರು ಒಂದೂವರೆ ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ‘ಎಲ್ರೂ ಇದಕ್ಕೇ ಸಹಿ ಹಾಕುದು ಮೇಡಂ’ ಅನ್ನುತ್ತಾರೆ. ಹಾಕಬಹುದೆ?
— ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಹಾಕಬಹುದು ಟೀಚರ್, ಆದರೆ ಈಗ ಕೈಯಲ್ಲಿರುವ ಕಾಗದಕ್ಕೆ ಅವಸರ ಬೇಡ. ನೀವು ಕಳಿಸಿದ ಪ್ರತಿ ಶಾಲೆಯ ಲೆಟರ್‌ಹೆಡ್ಡಿನಲ್ಲಿದೆ, ಅಂದರೆ ಶಾಲೆ ತನ್ನ ಅನುಕೂಲಕ್ಕೆ ತಕ್ಕಂತೆ ಬರೆದುಕೊಂಡದ್ದು. ಯುಎಇಯಲ್ಲಿ ಕೆಲಸದ ಪರ್ಮಿಟ್ ಸಿಗುವುದು ಇನ್ನೊಂದು ಕಾಗದದ ಮೇಲೆ. ಅಲ್ಲಿಯ ಮಾನವ ಸಂಪನ್ಮೂಲ ಮತ್ತು ಎಮಿರಾಟೀಕರಣ ಸಚಿವಾಲಯ, ನಮ್ಮವರ ಬಾಯಲ್ಲಿ ಬರೀ ‘ಲೇಬರ್’, ತನ್ನದೇ ನಮೂನೆಯ ಆಫರನ್ನೂ ಕರಾರನ್ನೂ ಇಟ್ಟಿದೆ. ನೀವು ವಿಮಾನ ಹತ್ತುವ ಮೊದಲೇ ಆ ನಮೂನೆಯ ಆಫರ್ ನಿಮ್ಮ ಕೈಗೆ ಬಂದು, ಓದಿ, ಸಹಿಯಾಗಬೇಕು. ಆಮೇಲೆ ದಾಖಲಾಗುವ ಕರಾರಿನಲ್ಲಿ ಅದರ ಷರತ್ತುಗಳನ್ನು ನಿಮಗೆ ನಷ್ಟವಾಗುವಂತೆ ತಿದ್ದುವಂತಿಲ್ಲ. ಈ ವ್ಯವಸ್ಥೆ ಜಾರಿಗೆ ಬಂದದ್ದು 2016ರಲ್ಲಿ. ಅರೇಬಿಕ್ ಮತ್ತು ಇಂಗ್ಲಿಷಿನ ಜೊತೆಗೆ ಹಿಂದಿ, ಮಲಯಾಳ, ತಮಿಳಿನಲ್ಲೂ ಆ ನಮೂನೆ ಬಂತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಇಂಗ್ಲಿಷಿಗೂ ಅರೇಬಿಕ್ಕಿಗೂ ವ್ಯತ್ಯಾಸ ಬಂದರೆ ಅಲ್ಲಿ ನಿಲ್ಲುವುದು ಅರೇಬಿಕ್.

ಹಾಗಾಗಿ ಮೊದಲ ಕೆಲಸ ಇಷ್ಟು: ಲೇಬರ್ ನಮೂನೆಯ ಆಫರ್ ಕಳಿಸಿ ಎಂದು ಶಾಲೆಗೆ ಬರೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಅಂಕಿಗಳನ್ನು ಹೋಲಿಸಿ. ಲೆಟರ್‌ಹೆಡ್ಡಿನಲ್ಲಿ 5,000, ಲೇಬರ್ ಕಾಗದದಲ್ಲಿ 3,500 ಎಂದಿದ್ದರೆ ನಿಮ್ಮ ಸಂಬಳ 3,500 ಎಂದೇ ತಿಳಿಯಿರಿ.

ಇಂಥ ಕರಾರುಪತ್ರವನ್ನು ಹೆಚ್ಚಿನವರು ಓದುವುದು ಸೇರುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು. ಸಂಬಳ ಎಷ್ಟು, ರೂಮು ಕೊಡುತ್ತಾರಾ, ಟಿಕೆಟ್ ಯಾರದು ಎಂದು ನೋಡಿ ಮಡಚಿಡುತ್ತಾರೆ. ನನ್ನ ಸಲಹೆ ತಿರುಗುಮುರುಗು. ನಾಳೆಯೇ ಕೆಲಸ ಬಿಟ್ಟೆ ಎಂದುಕೊಂಡು ಓದಿ. ಆಗ ನನಗೆ ಏನು ಬರುತ್ತದೆ, ನಾನೇನು ಕೊಡಬೇಕಾಗುತ್ತದೆ, ಯಾವ ಕಾಗದ ಯಾರ ಕೈಯಲ್ಲಿರುತ್ತದೆ? ಸೇರುವಾಗ ಎಲ್ಲರೂ ನಗುನಗುತ್ತಲೇ ಮಾತಾಡುತ್ತಾರೆ. ಕರಾರಿಗೆ ಕೆಲಸ ಬೀಳುವುದು ಬಿಡುವಾಗ.

ಹಾಗೆ ಓದಲು ಕೂತರೆ ಮೊದಲು ಕಣ್ಣಿಗೆ ಹೊಡೆಯುವುದು ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಅಂಕಿ. ‘ಒಟ್ಟು 5,000’ ಎಂದಿದೆ, ಬೇಸಿಕ್ ಎಷ್ಟು ಎಂದಿಲ್ಲ. ಬೇಸಿಕ್ ಇಷ್ಟು ಪಾಲಾದರೂ ಇರಲೇಬೇಕು ಎಂಬ ನಿಯಮ ಅಲ್ಲಿಯ ಕಾರ್ಮಿಕ ಕಾನೂನಿನಲ್ಲಿಲ್ಲ. ಶಾಲೆ 3,000 ಬೇಸಿಕ್, 2,000 ಭತ್ಯೆ ಎಂದೂ ಬರೆಯಬಹುದು; 2,000 ಬೇಸಿಕ್, 3,000 ಭತ್ಯೆ ಎಂದೂ ಬರೆಯಬಹುದು. ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವುದು ಎರಡರಲ್ಲೂ 5,000ವೇ ಆದ್ದರಿಂದ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ವ್ಯತ್ಯಾಸ ಕಾಣುವುದು ಗ್ರ್ಯಾಚ್ಯುಟಿಯಲ್ಲಿ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಎಲ್ಲ ಸೇರಿ ಎರಡು ವರ್ಷದ ಸಂಬಳ ಮೀರುವಂತಿಲ್ಲ. ನೀವು ಗಣಿತದ ಟೀಚರ್, ಲೆಕ್ಕ ನಿಮಗೆ ಬಿಡಬಹುದಿತ್ತು. ಓದುವ ಉಳಿದವರಿಗಾಗಿ ಬರೆಯುತ್ತೇನೆ. ಬೇಸಿಕ್ 2,000 ಇದ್ದರೆ ವರ್ಷಕ್ಕೆ 1,400 ದಿರ್ಹಂ. ಆರು ವರ್ಷ ದುಡಿದು ಬಿಟ್ಟರೆ ಮೊದಲ ಐದಕ್ಕೆ 7,000, ಆರನೆಯದಕ್ಕೆ 2,000, ಒಟ್ಟು 9,000. ಬೇಸಿಕ್ 3,000 ಇದ್ದಿದ್ದರೆ ಅದೇ ಆರು ವರ್ಷಕ್ಕೆ 13,500. ಸೇರುವಾಗ ಒಂದು ಸಾಲು ಕೇಳದೆ ಬಿಟ್ಟದ್ದಕ್ಕೆ 4,500 ದಿರ್ಹಂ ಹೋಯಿತು. ಉಳಿದ ರಜೆಯನ್ನು ಹಣ ಮಾಡಿಕೊಡುವಾಗಲೂ ಹಿಡಿಯುವುದು ಬೇಸಿಕ್ಕನ್ನೇ. 2023ರ ಜನವರಿಯಿಂದ ಕಡ್ಡಾಯವಾದ ನಿರುದ್ಯೋಗ ವಿಮೆಯೂ ಹಾಗೆಯೇ: ಬೇಸಿಕ್ 16,000ದ ಒಳಗಿರುವವರು ತಿಂಗಳಿಗೆ 5 ದಿರ್ಹಂ ಕಟ್ಟುತ್ತಾರೆ. ಹನ್ನೆರಡು ತಿಂಗಳು ಕಟ್ಟಿದ ಮೇಲೆ, ತಾವಾಗಿ ಬಿಡದೆ ಕೆಲಸ ಹೋದರೆ, ಬೇಸಿಕ್‌ನ ಶೇ. 60ರಷ್ಟು ಹಣ ಮೂರು ತಿಂಗಳವರೆಗೆ ಸಿಗುತ್ತದೆ.

ಗ್ರ್ಯಾಚ್ಯುಟಿಯಲ್ಲೇ ಇನ್ನೊಂದು ಸೂಕ್ಷ್ಮವಿದೆ, ಸಿಬಿಎಸ್‌ಇ ಟೀಚರುಗಳಿಗೇ ಹೇಳಿ ಮಾಡಿಸಿದಂಥದ್ದು. ಗ್ರ್ಯಾಚ್ಯುಟಿ ಸಿಗಬೇಕಾದರೆ ಒಂದು ವರ್ಷದ ಸೇವೆ ತುಂಬಿರಬೇಕು. ಅಲ್ಲಿಯ ಭಾರತೀಯ ಶಾಲೆಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್. ಏಪ್ರಿಲ್ ಎರಡನೇ ವಾರ ಸೇರಿದವರನ್ನು ಮಾರ್ಚ್ 31ಕ್ಕೆ ಬಿಡುಗಡೆ ಮಾಡಿದರೆ ಪಾಠದ ಲೆಕ್ಕದಲ್ಲಿ ಪೂರ್ತಿ ವರ್ಷ, ಕಾನೂನಿನ ಲೆಕ್ಕದಲ್ಲಿ ಕೆಲವೇ ದಿನ ಕಮ್ಮಿ. ಕೈಗೆ ಬರುವ ಗ್ರ್ಯಾಚ್ಯುಟಿ ಸೊನ್ನೆ. ವರ್ಷ ತುಂಬಿದ ಮೇಲಾದರೆ ಮುಂದಿನ ಬಿಡಿ ದಿನಗಳಿಗೂ ಪ್ರಮಾಣದಲ್ಲಿ ಸಿಗುತ್ತದೆ. ಸೇರುವ ತಾರೀಖು ಕರಾರಿನಲ್ಲಿ ಏನಿದೆ ಎಂಬುದನ್ನು ಡೈರಿಯಲ್ಲಿ ಬರೆದಿಡಿ.

ಈಗ ಕರಾರಿನ ಅವಧಿಗೆ ಬರೋಣ. 1980ರ ಹಳೆ ಕಾರ್ಮಿಕ ಕಾನೂನು ಹೋಗಿ, 2021ರ 33ನೇ ಸಂಖ್ಯೆಯ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಮೊದಲು ‘ಲಿಮಿಟೆಡ್’, ‘ಅನ್‌ಲಿಮಿಟೆಡ್’ ಎಂದು ಎರಡು ಬಗೆಯ ಕರಾರು ಇದ್ದವು. ಈಗ ಎಲ್ಲವೂ ಅವಧಿ ಹಾಕಿದ ಕರಾರು. ದುಬೈಯಲ್ಲಿ ಹತ್ತು ಹದಿನೈದು ವರ್ಷದ ಹಿಂದೆ ಇದ್ದು ಬಂದ ನೆಂಟರ ಮಾತು ಇಲ್ಲೇ ದಾರಿ ತಪ್ಪಿಸುವುದು. ‘ಎರಡು ವರ್ಷಕ್ಕೆ ಮುಂಚೆ ಬಿಟ್ಟರೆ ಒಂದೂವರೆ ತಿಂಗಳ ಸಂಬಳ ದಂಡ’ ಎಂದು ಅವರು ಹೇಳುವುದು ಹಳೆ ಕಾನೂನಿನ ಮಾತು. ಈಗ ಅವಧಿಯ ನಡುವೆಯೂ ನೋಟಿಸು ಕೊಟ್ಟು, ಅದರ ದಿನಗಳನ್ನು ದುಡಿದು ಬಿಡಬಹುದು. ನೋಟಿಸು 30 ದಿನಕ್ಕಿಂತ ಕಮ್ಮಿ ಇರಬಾರದು, 90ಕ್ಕಿಂತ ಹೆಚ್ಚಿರಬಾರದು. ನಿಮ್ಮ ಮೂರು ತಿಂಗಳು ಕಾನೂನಿನ ತುಟ್ಟತುದಿಯಲ್ಲಿದೆ, ಆದರೆ ಒಳಗೇ ಇದೆ. ಶಾಲೆ ನಿಮ್ಮನ್ನು ತೆಗೆಯುವಾಗಲೂ ಅಷ್ಟೇ ನೋಟಿಸು ಎಂದು ಬರೆದಿದೆಯೇ ನೋಡಿ. ನೋಟಿಸು ಕೊಡದೆ ಹೋದವರು ಆ ದಿನಗಳ ಸಂಬಳವನ್ನು ಇನ್ನೊಬ್ಬರಿಗೆ ಕಟ್ಟಿಕೊಡಬೇಕು. ಆ ಲೆಕ್ಕ ಮಾತ್ರ ಬೇಸಿಕ್ ಮೇಲಲ್ಲ, ಪೂರ್ತಿ ಸಂಬಳದ ಮೇಲೆ.

ಮಾರ್ಚ್ ಕೊನೆಗೆ ಬಿಡಬೇಕೆಂದಿದ್ದರೆ ಡಿಸೆಂಬರ್ ಮುಗಿಯುವುದರೊಳಗೆ ರಾಜೀನಾಮೆ ಹೋಗಿರಬೇಕು ಎಂದಾಯಿತು. ಆಗ ಬೇರೆ ಶಾಲೆಗಳು ಇನ್ನೂ ಇಂಟರ್‌ವ್ಯೂ ಶುರು ಮಾಡಿರುವುದೇ ಅಪರೂಪ. ಹೊಸ ಕೆಲಸ ಕೈಯಲ್ಲಿಲ್ಲದೆ ಹಳೆಯದನ್ನು ಬಿಡುವ ಧೈರ್ಯ ಎಷ್ಟು ಜನಕ್ಕಿದೆ? ಮೂರು ತಿಂಗಳ ನೋಟಿಸು ಶಾಲೆಗಳಿಗೆ ಅಷ್ಟು ಇಷ್ಟವಾಗುವುದು ಇದಕ್ಕೇ ಎಂದು ನನ್ನ ಗುಮಾನಿ. ಎರಡು ತಿಂಗಳಿಗೆ ಇಳಿಸಿ ಎಂದು ಕೇಳಿ ನೋಡಿ. ಗಣಿತದ ಟೀಚರ್ ಸಿಗುವುದು ಎಲ್ಲ ಊರಲ್ಲೂ ಕಷ್ಟ. ಕೇಳುವ ಬಲ ನಿಮಗಿದೆ.

ಪ್ರೊಬೇಶನ್ ಆರು ತಿಂಗಳು ಮೀರುವಂತಿಲ್ಲ. ಆಗಲೂ ಶಾಲೆ ನಿಮ್ಮನ್ನು ‘ನಾಳೆಯಿಂದ ಬರಬೇಡಿ’ ಎನ್ನುವಂತಿಲ್ಲ, 14 ದಿನ ಮುಂಚೆ ಬರವಣಿಗೆಯಲ್ಲಿ ಹೇಳಬೇಕು. ನೀವೇ ಊರಿಗೆ ಮರಳುವುದಾದರೂ 14 ದಿನ. ಅಲ್ಲೇ ಬೇರೆ ಶಾಲೆಗೆ ಹೋಗುವುದಾದರೆ ಒಂದು ತಿಂಗಳು. ಆಗ ನಿಮ್ಮನ್ನು ಕರೆಸಿಕೊಂಡ ಖರ್ಚನ್ನು ಹಳೆ ಶಾಲೆಗೆ ತುಂಬಿಕೊಡಬೇಕಾದ್ದು ಹೊಸ ಶಾಲೆ, ನೀವಲ್ಲ. ಪ್ರೊಬೇಶನ್ನಿನಲ್ಲಿ ಕಾಯಿಲೆ ಬಿದ್ದರೆ ಸಂಬಳ ಸಹಿತ ರಜೆಯಿಲ್ಲ ಎಂಬುದೂ ಗೊತ್ತಿರಲಿ. ಅದು ಮುಗಿದ ಮೇಲೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದಕ್ಕೆ ಇಲ್ಲ. ಹೆರಿಗೆ ರಜೆ 60 ದಿನ, ಅದರಲ್ಲಿ 45ಕ್ಕೆ ಪೂರ್ತಿ, 15ಕ್ಕೆ ಅರ್ಧ ಸಂಬಳ. ನಮ್ಮ ದೇಶದ 26 ವಾರ ಕೇಳಿ ಗೊತ್ತಿರುವವರಿಗೆ ಇದು ಬಹಳ ಕಮ್ಮಿ ಅನ್ನಿಸುತ್ತದೆ. ಕಮ್ಮಿಯೇ.

ಜುಲೈ, ಆಗಸ್ಟ್‌ನ ಬೇಸಿಗೆ ರಜೆಯ ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಇದು ಬೇಸಿಕ್‌ನಷ್ಟೇ ದೊಡ್ಡ ಕೊರತೆ. ಕಾನೂನು ಕೊಡುವ ವಾರ್ಷಿಕ ರಜೆ ವರ್ಷ ತುಂಬಿದವರಿಗೆ 30 ದಿನ, ಅದೂ ಭಾನುವಾರ ಹಬ್ಬ ಬಿಟ್ಟಲ್ಲ, ಸೇರಿಸಿ. ಆರು ತಿಂಗಳು ದಾಟಿ ವರ್ಷ ತುಂಬದವರಿಗೆ ತಿಂಗಳಿಗೆ ಎರಡು ದಿನ. ಶಾಲೆ ಮುಚ್ಚುವುದು ಹೆಚ್ಚುಕಮ್ಮಿ ಎರಡು ತಿಂಗಳು. ಏಪ್ರಿಲ್‌ನಲ್ಲಿ ಸೇರಿದ ನಿಮಗೆ ಜುಲೈ ಹೊತ್ತಿಗೆ ಆಗಿರುವುದು ಮೂರೇ ತಿಂಗಳು. ಕಾನೂನಿನ ಪ್ರಕಾರ ನಿಮ್ಮ ಖಾತೆಗೆ ಒಂದು ದಿನದ ರಜೆಯೂ ಜಮೆಯಾಗಿರುವುದಿಲ್ಲ. ಹಾಗಾದರೆ ಆ ಎರಡು ತಿಂಗಳ ಸಂಬಳ? ಕರಾರು ಏನು ಹೇಳುತ್ತದೋ ಅದು. ‘ಮೊದಲ ವರ್ಷವೂ ಜುಲೈ, ಆಗಸ್ಟ್ ಪೂರ್ತಿ ಸಂಬಳ’ ಎಂಬ ವಾಕ್ಯವನ್ನು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ಎಲ್ಲರಿಗೂ ಕೊಡ್ತೇವೆ’ ಎಂದರೆ, ‘ಎಲ್ಲರಿಗೂ ಕೊಡುವುದಾದರೆ ಬರೆದುಕೊಡಲು ಅಡ್ಡಿಯೇನು’ ಎಂದು ನಗುತ್ತಲೇ ಕೇಳಿ.

ಬೇಸಿಗೆ ರಜೆಯ ಜೊತೆಗೆ ಅಂಟಿಕೊಂಡು ಬಂದ ಒಂದು ಕೆಟ್ಟ ಅಭ್ಯಾಸದ ಬಗ್ಗೆಯೂ ಹೇಳಬೇಕು. ಶಾಲೆ ಸರಿಹೋಗಲಿಲ್ಲ, ಮೂರು ತಿಂಗಳ ನೋಟಿಸಿಗೆ ಮನಸ್ಸಿಲ್ಲ. ರಜೆಗೆಂದು ಮಂಗಳೂರಿಗೆ ಬಂದವರು ಇಲ್ಲಿಂದಲೇ ‘ಅಮ್ಮನಿಗೆ ಹುಷಾರಿಲ್ಲ’ ಎಂದು ಮೆಸೇಜ್ ಹಾಕಿ ಫೋನ್ ಎತ್ತುವುದನ್ನು ಬಿಡುತ್ತಾರೆ. ಏಳು ದಿನಕ್ಕಿಂತ ಹೆಚ್ಚು ಸತತವಾಗಿ ಕಾರಣವಿಲ್ಲದೆ ಬಾರದಿದ್ದರೆ ನೋಟಿಸಿಲ್ಲದೆ ತೆಗೆದುಹಾಕಲು ಅಲ್ಲಿಯ ಕಾನೂನು ಅನುಮತಿಸುತ್ತದೆ. ಹೀಗೆ ಕೆಲಸ ಬಿಟ್ಟುಹೋದ ವಿದೇಶಿಯರಿಗೆ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ. ‘ಬ್ಯಾನ್ ಬಿತ್ತು’ ಎನ್ನುವುದು ಇದನ್ನೇ. ನಿಮಗೆ ಎಷ್ಟೇ ಬೇಸರವಾಗಲಿ, ರಾಜೀನಾಮೆಯನ್ನು ಇಮೇಲ್‌ನಲ್ಲಿ ಕೊಟ್ಟು, ವೀಸಾ ಕ್ಯಾನ್ಸಲ್ ಮಾಡಿಸಿಕೊಂಡೇ ಬನ್ನಿ.

ನಿಮ್ಮನ್ನು ಹೆದರಿಸಿರುವ ಷರತ್ತುಗಳು ನೋಡಲು ದೊಡ್ಡವು, ಒಳಗೆ ಟೊಳ್ಳು. ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ವಸೂಲಿ ಮಾಡಬಾರದೆಂದು ಕಾನೂನಿನ 6ನೇ ವಿಧಿ ಹೇಳುತ್ತದೆ. ವೀಸಾ ಖರ್ಚು ಶಾಲೆಯದೇ. ಪಾಸ್‌ಪೋರ್ಟನ್ನು ಇಟ್ಟುಕೊಳ್ಳಬಾರದೆಂದು 13ನೇ ವಿಧಿ ಹೇಳುತ್ತದೆ. ವೀಸಾ ಸ್ಟಾಂಪಿಂಗ್, ಎಮಿರೇಟ್ಸ್ ಐಡಿ ಎಂದು ಕೆಲವು ದಿನಕ್ಕೆ ಕೇಳಿದರೆ ಕೊಡಿ, ಕೆಲಸ ಮುಗಿದೊಡನೆ ವಾಪಸು ಕೇಳಿ. ಡಿಗ್ರಿ, ಬಿ.ಎಡ್. ಸರ್ಟಿಫಿಕೇಟುಗಳಿಗೂ ಅದೇ ಮಾತು. ಅವು ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಎಂದು ಮೆಟ್ಟಿಲು ಹತ್ತಿಳಿದು ಅಟೆಸ್ಟೇಶನ್ ಆಗಿ ಬಂದ ಕಾಗದಗಳು. ಇನ್ನೊಬ್ಬರ ಬೀರುವಿನಲ್ಲಿ ಬಿಡುವಂಥವಲ್ಲ.

ಬೇರೆ ಶಾಲೆಗೆ ಸೇರಬಾರದೆಂಬ ಷರತ್ತಿಗೆ 10ನೇ ವಿಧಿಯ ಆಧಾರ ಇದೆ ಎಂದು ಶಾಲೆಯವರು ಹೇಳಬಹುದು. ಎರಡು ವರ್ಷದ ಮಿತಿಯೂ ಅಲ್ಲಿಂದಲೇ ಬಂದದ್ದು. ಆದರೆ ಆ ವಿಧಿ ಇರುವುದು ಗಿರಾಕಿಗಳ ಅಥವಾ ವ್ಯಾಪಾರದ ಗುಟ್ಟು ತಿಳಿದವರಿಗೆ. ಅದೂ ಜಾಗ, ಕಾಲ, ಕೆಲಸದ ಬಗೆ ಇಂತಿಷ್ಟೇ ಎಂದು ಬಿಡಿಸಿ ಬರೆದಿದ್ದರೆ. ಎಂಟನೇ ಕ್ಲಾಸಿಗೆ ಬೀಜಗಣಿತ ಹೇಳಿಕೊಡುವವರ ಬಳಿ ಯಾವ ವ್ಯಾಪಾರದ ಗುಟ್ಟಿರುತ್ತದೋ ನನಗಂತೂ ತಿಳಿಯದು. ಆ ಸಾಲನ್ನು ತೆಗೆಯಿರಿ ಎಂದು ಕೇಳಿ. ತೆಗೆಯದಿದ್ದರೂ ಅದೊಂದೇ ಕಾರಣಕ್ಕೆ ಕೆಲಸ ಬಿಡಬೇಡಿ. ಈ ಕಾನೂನು ಕೊಟ್ಟಿರುವುದು ಕನಿಷ್ಠ ಹಕ್ಕುಗಳು ಎಂದು 65ನೇ ವಿಧಿಯಲ್ಲಿದೆ. ಅದಕ್ಕೆ ವಿರುದ್ಧವಾಗಿ ನಿಮ್ಮಿಂದ ಬರೆಸಿಕೊಂಡದ್ದು, ನಿಮಗೆ ಲಾಭದ್ದಲ್ಲದಿದ್ದರೆ, ನಿಲ್ಲುವುದಿಲ್ಲ.

ಏಜೆಂಟರ ಒಂದೂವರೆ ಲಕ್ಷ ನೋಡಿ ನನಗೆ ಸಿಟ್ಟು ಬಂತು. ನೋಂದಾಯಿತ ನೇಮಕಾತಿ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ನಮ್ಮ ವಲಸೆ ನಿಯಮಗಳೇ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂದು ಮಿತಿ ಹಾಕಿವೆ. ಅವರ ನೋಂದಣಿ ಸಂಖ್ಯೆ ಕೇಳಿ, ಕೇಂದ್ರ ಸರ್ಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಹುಡುಕಿ. ಸಂಖ್ಯೆ ಕೇಳಿದೊಡನೆ ಮಾತು ಬದಲಿಸುವವರಿಗೆ ನಮಸ್ಕಾರ ಹೇಳಿ. ಪದವೀಧರರಾದ ನಿಮ್ಮ ಪಾಸ್‌ಪೋರ್ಟಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಿಲ್ಲ. ಇದು ಅನುಕೂಲ, ಜೊತೆಗೆ ಒಂದು ಕುಂದೂ ಹೌದು: ಕ್ಲಿಯರೆನ್ಸ್ ಬೇಕಾದ ಕೂಲಿಕಾರರ ಕರಾರನ್ನು ಸರ್ಕಾರದ ಒಬ್ಬ ಅಧಿಕಾರಿಯಾದರೂ ನೋಡುತ್ತಾರೆ, ನಿಮ್ಮದನ್ನು ನೀವೇ ನೋಡಿಕೊಳ್ಳಬೇಕು. ‘ಸದ್ಯ ವಿಸಿಟ್ ವೀಸಾದಲ್ಲಿ ಹೋಗಿ ಕ್ಲಾಸು ಶುರು ಮಾಡಿ, ಆಮೇಲೆ ಬದಲಿಸುವ’ ಎಂದೇನಾದರೂ ಅಂದರೆ ಒಪ್ಪಲೇಬೇಡಿ. ಪರ್ಮಿಟ್ ಇಲ್ಲದವರನ್ನು ದುಡಿಸಿದ ಮಾಲೀಕರಿಗೆ 2024ರ ತಿದ್ದುಪಡಿಯ ನಂತರ ದಂಡ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ಇದೆ. ಸಿಕ್ಕಿಬಿದ್ದಾಗ ಶಾಲೆ ಮೊದಲು ಕೈಬಿಡುವುದು ನಿಮ್ಮನ್ನೇ.

ಉಳಿದವು ಸಣ್ಣ ಸಂಗತಿಗಳು. ವರ್ಷಕ್ಕೊಮ್ಮೆ ಊರಿಗೆ ಟಿಕೆಟ್ ಕೊಡಬೇಕೆಂದು ಕಾನೂನಿಲ್ಲ, ಕರಾರಿನಲ್ಲಿ ಇದ್ದರೆ ಉಂಟು. ಕೆಲಸ ಮುಗಿದು ಮರಳುವ ಟಿಕೆಟ್ ಮಾತ್ರ ಶಾಲೆಯ ಹೊಣೆ, ನೀವು ಅಲ್ಲೇ ಬೇರೆ ಕೆಲಸಕ್ಕೆ ಸೇರದಿದ್ದರೆ ಮತ್ತು ತಪ್ಪು ನಿಮ್ಮದಲ್ಲದಿದ್ದರೆ. ಎಲ್ಲಿಗೆ ಎಂಬ ಜಾಗದಲ್ಲಿ ಮುಂಬೈ ಎಂದಿದ್ದರೆ ಮಂಗಳೂರು ಎಂದು ಮಾಡಿಸಿ. ದುಬೈಯಲ್ಲಿ ನಿಮ್ಮ ಆರೋಗ್ಯ ವಿಮೆ ಶಾಲೆಯ ಖರ್ಚು; ಗಂಡ, ಮಕ್ಕಳದು ಅಲ್ಲ. ಮಗುವನ್ನು ಅದೇ ಶಾಲೆಗೆ ಹಾಕುವ ಯೋಚನೆಯಿದ್ದರೆ ಫೀಸಿನಲ್ಲಿ ಎಷ್ಟು ರಿಯಾಯಿತಿ ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಬರೆಸಿ, ಅಲ್ಲಿಯ ಫೀಸು ಸಂಬಳವನ್ನು ನುಂಗಿಬಿಡಬಲ್ಲದು. ಶಾಲೆಯ ಫೀಸು, ತಪಾಸಣಾ ವರದಿ ಎರಡನ್ನೂ ದುಬೈಯ ಜ್ಞಾನ ಮತ್ತು ಮಾನವ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಕೆಎಚ್‌ಡಿಎ, ತನ್ನ ಜಾಲತಾಣದಲ್ಲಿ ಹಾಕುತ್ತದೆ. ಇವತ್ತೇ ಓದಿ ನೋಡಿ. ಶಾಲೆಯ ಗುಣ ಏಜೆಂಟರಿಗಿಂತ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ.

ಹುದ್ದೆಯ ಹೆಸರನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಲೇಬರ್ ಕಾಗದದಲ್ಲಿ ‘ಟೀಚರ್’ ಎಂದೇ ಇರಲಿ. ದುಬೈಯ ಖಾಸಗಿ ಶಾಲೆಗಳಲ್ಲಿ ಪಾಠ ಮಾಡುವವರ ನೇಮಕಕ್ಕೆ ಕೆಎಚ್‌ಡಿಎಯ ಅನುಮೋದನೆ ಬೇಕು. ‘ಕ್ಲರ್ಕ್’ ಎಂದು ತೋರಿಸಿ ಕ್ಲಾಸಿಗೆ ಕಳಿಸುವುದಾದರೆ ಆ ಅನುಮೋದನೆ ಆಗಿಲ್ಲ ಎಂದೇ ಸಂಶಯಪಡಬೇಕು. ನಾಳೆ ಬೇರೆ ಶಾಲೆಗೆ ಹೋದಾಗ ಕ್ಲರ್ಕ್ ಆಗಿದ್ದ ವರ್ಷಗಳನ್ನು ಯಾರು ಅನುಭವ ಎಂದು ಎಣಿಸುತ್ತಾರೆ? ವಾರಕ್ಕೆ ಎಷ್ಟು ಪೀರಿಯಡ್, ಸಬ್‌ಸ್ಟಿಟ್ಯೂಷನ್ ಮತ್ತು ಬಸ್ ಡ್ಯೂಟಿ ಎಷ್ಟು ಎಂಬುದನ್ನೂ ಕೇಳಿ. ಕಾನೂನು ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದಷ್ಟೇ ಹೇಳುತ್ತದೆ, ಪೀರಿಯಡ್ ಲೆಕ್ಕ ಅದಕ್ಕೆ ಗೊತ್ತಿಲ್ಲ. ಸಂಜೆ ಟ್ಯೂಷನ್ ಹೇಳಿ ಸಂಬಳಕ್ಕೆ ಸೇರಿಸಿಕೊಳ್ಳುವ ಆಲೋಚನೆ ಇದ್ದೀತು. ಅದಕ್ಕೆ ಬೇರೆ ಪರ್ಮಿಟ್ ಇದೆ. 2023ರ ಡಿಸೆಂಬರ್‌ನಲ್ಲಿ ಶುರುವಾದದ್ದು, ಎರಡು ವರ್ಷದ್ದು, ಫೀಸಿಲ್ಲ. ಪರ್ಮಿಟ್ ಇಲ್ಲದೆ ಮನೆಪಾಠ ಅಲ್ಲಿ ಅಪರಾಧ.

ಬಿಟ್ಟ ಮೇಲೆ ಬರಬೇಕಾದ ಹಣವೆಲ್ಲ 14 ದಿನದೊಳಗೆ ಬರಬೇಕು. ಬರದಿದ್ದರೆ ಲೇಬರ್‌ಗೆ ದೂರು ಕೊಡಿ, ಆ್ಯಪಿನಲ್ಲೇ ಆಗುತ್ತದೆ. 2024ರಿಂದ 50,000 ದಿರ್ಹಂ ಒಳಗಿನ ವ್ಯಾಜ್ಯವನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ಟೀಚರುಗಳ ಬಾಕಿ ಹೆಚ್ಚಾಗಿ ಅದರೊಳಗೇ ಬರುತ್ತದೆ. ಕೋರ್ಟಿಗೆ ಹೋದರೂ ಒಂದು ಲಕ್ಷ ದಿರ್ಹಂವರೆಗಿನ ದಾವೆಗೆ ಶುಲ್ಕವಿಲ್ಲ. ಕೆಲಸ ಮುಗಿದ ದಿನದಿಂದ ಎರಡು ವರ್ಷದವರೆಗೆ ದಾವೆ ಹೂಡಲು ಅವಕಾಶವಿದೆ. ಇದೂ 2024ರಲ್ಲೇ ಒಂದರಿಂದ ಎರಡಕ್ಕೆ ಏರಿದ್ದು. ಭಾಷೆ ತೊಡಕಾದರೆ ದುಬೈಯಲ್ಲಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ.

ಈಗ ನೀವು ಮಾಡಬೇಕಾದ್ದು ಏನೆಂದರೆ, ಏಜೆಂಟರನ್ನು ನಡುವೆ ಇಟ್ಟುಕೊಳ್ಳದೆ ಶಾಲೆಯ ಎಚ್‌ಆರ್‌ಗೆ ನೇರವಾಗಿ ಒಂದು ಇಮೇಲ್ ಬರೆಯಿರಿ. ಬೇಸಿಕ್ ಎಷ್ಟು, ಜುಲೈ ಆಗಸ್ಟ್ ಸಂಬಳ ಉಂಟೇ, ನೋಟಿಸು ಎರಡು ತಿಂಗಳಿಗೆ ಇಳಿಸಬಹುದೇ, ವೀಸಾ ಖರ್ಚಿನ ಸಾಲು ತೆಗೆಯುತ್ತೀರಾ, ಲೇಬರ್ ಆಫರ್ ಯಾವಾಗ ಕಳಿಸುತ್ತೀರಿ. ಉತ್ತರ ಬರವಣಿಗೆಯಲ್ಲಿ ಬರಲಿ. ಫೋನ್ ಮಾಡಿ ಹೇಳಿದರೆ, ‘ನೀವು ಫೋನಿನಲ್ಲಿ ಹೀಗೆ ಹೇಳಿದಿರಿ’ ಎಂದು ನೀವೇ ಇಮೇಲ್ ಹಾಕಿ ದಾಖಲೆ ಮಾಡಿಕೊಳ್ಳಿ. ಎಂಟ್ರಿ ಪರ್ಮಿಟ್ ನಿಮ್ಮ ಹೆಸರಿಗೆ ಬರುವವರೆಗೆ ಈಗಿನ ಶಾಲೆಗೆ ರಾಜೀನಾಮೆ ಕೊಡಬೇಡಿ. ಆಡಳಿತದವರು ಒಪ್ಪಿದರೆ ಒಂದು ವರ್ಷ ಸಂಬಳರಹಿತ ರಜೆ ಸಿಗುತ್ತದೆಯೇ ಎಂದು ವಿಚಾರಿಸಿ.